ಎರಡೇ ಎರಡು ಅಪವರ್ತನ

ಏಳೆಂಟ್ಲ ಐವತ್ತಾರು, ಕೈಯಲ್ಲಿ ಐದು. ಆ ಐದನ್ನು ಕೂಡಿಸಿದೆನೋ ಇಲ್ಲವೋ? ಕೂಡಿಸಿರದಿದ್ದರೆ ಎಲ್ಲವೂ ನೀರುಪಾಲು.

ಬೆಳಗಿನ ಖಾಲಿ ಕಚೇರಿಯಲ್ಲಿ, ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ಶೇಷಣ್ಣ ಬೆವರುತ್ತಿದ್ದ. ಅದು ಅವನ ಹೆಸರಲ್ಲ. ಯಾವ ಸಂಖ್ಯೆ ಕಂಡರೂ ಭಾಗಿಸಿ, ಉಳಿದದ್ದನ್ನು ಹೇಳುವ ಚಟಕ್ಕೆ ಸಹೋದ್ಯೋಗಿಗಳು ಇಟ್ಟ ಹೆಸರು. ಊಟದ ಮೇಜಿಗೆ ಎಲ್ಲರೂ ಜೋಡಿ ಜೋಡಿಯಾಗಿ ಕೂತ ಮೇಲೆ ಉಳಿಯುತ್ತಿದ್ದವನೂ ಅವನೇ.

ಆ ತೂಕ-ಅಳತೆ ಕಚೇರಿಯಲ್ಲಿ ದಿನಕ್ಕೊಬ್ಬರು ಹಲಗೆಯ ಮೇಲೆ ಒಗಟು ಬರೆಯಬೇಕು, ಸಂಜೆಯೊಳಗೆ ಮಿಕ್ಕವರು ಬಿಡಿಸಬೇಕು. ಇವತ್ತು ಶೇಷಣ್ಣನ ಸರದಿ. ಹಲಗೆಯ ಈ ತುದಿಯಿಂದ ಆ ತುದಿಗೆ ಹನ್ನೆರಡು ಅಂಕಿ, ಕೆಳಗೆ, 'ಭಾಗಿಸಿ'.

ಗುಟ್ಟು ಇಷ್ಟೇ. ಅದೇ ಕಚೇರಿಯ ಟಪಾಲು ವಿಭಾಗದಲ್ಲಿರುವ ಹುಡುಗಿಯ ಮನೆಯ ಫೋನ್ ನಂಬರು ಅವಿಭಾಜ್ಯ ಸಂಖ್ಯೆ. ಅವನ ಕೋಣೆಯದೂ ಅವಿಭಾಜ್ಯ. ಇದನ್ನು ಖಚಿತಪಡಿಸಿಕೊಳ್ಳಲು ಎಷ್ಟೋ ಭಾನುವಾರಗಳು ಹಿಡಿದಿದ್ದವು. ಭಾನುವಾರಗಳಿಗೆ ಬೇರೆ ಕೆಲಸವೂ ಇರಲಿಲ್ಲ. ಎರಡನ್ನೂ ಗುಣಿಸಿ ಬಂದದ್ದನ್ನು, ಒಂದು ಮತ್ತು ಅದನ್ನೇ ಬಿಟ್ಟರೆ, ಆ ಎರಡು ಮಾತ್ರ ಭಾಗಿಸಬಲ್ಲವು. ನಡುವೆ ಮೂರನೆಯವರಿಗೆ ಜಾಗವಿಲ್ಲ. ಬಾಯಲ್ಲಿ ಬಾರದ್ದನ್ನು ಇದಕ್ಕಿಂತ ಚೆನ್ನಾಗಿ ಹೇಗೆ ಹೇಳುವುದು? ಕ್ಯಾಲ್ಕುಲೇಟರ್ ಸಿಕ್ಕರೆ ಮೊದಲು ತನ್ನ ನಂಬರನ್ನೇ ಒತ್ತಿ ನೋಡುವುದು ಅವಳ ಅಭ್ಯಾಸ. ಅದರಿಂದಲೇ ಭಾಗಿಸುತ್ತಾಳೆ, ಇನ್ನೊಂದು ನಂಬರು ಬರುತ್ತದೆ, ಅಲ್ಲಿಗೆ ಫೋನ್ ಮಾಡುತ್ತಾಳೆ.

ಕಚೇರಿ ತುಂಬಿತು. ಸಕ್ಕರೆ ಕಂಡ ಇರುವೆಗಳಂತೆ ಎಲ್ಲರೂ ಹಲಗೆಗೆ ಮುತ್ತಿದರು.

"ಮೂರರಿಂದ ಹೋಗಲ್ಲ," ಎಂದ ಕ್ಯಾಷಿಯರ್, ಬೆರಳು ಮಡಿಸುತ್ತ.

"ಏಳು, ಹನ್ನೊಂದು, ಹದಿಮೂರು... ಊಹೂಂ!" ಹೆಡ್‌ಕ್ಲರ್ಕ್ ಕನ್ನಡಕ ತೆಗೆದರು. "ಇದು ನಿಮ್ಮ ಥರಾನೇ ಕಣ್ರೀ ಶೇಷಣ್ಣ, ಯಾರ ಜೊತೆನೂ ಸೇರಲ್ಲ. ಅವಿಭಾಜ್ಯ. ಮುಗೀತು!"

"ಇಲ್ಲ ಸಾರ್, ಭಾಗ ಆಗತ್ತೆ."

"ಯಾವುದರಿಂದ?"

ಶೇಷಣ್ಣ ನೆಲ ನೋಡಿದ. "ಆಗಬಹುದು ಅನ್ಸತ್ತೆ, ಸಾರ್."

ಎಲ್ಲರೂ ನಕ್ಕರು. ಹೆಡ್‌ಕ್ಲರ್ಕ್ ಡಸ್ಟರ್ ಎತ್ತಿದರು. ಶೇಷಣ್ಣ ಹಾರಿ ಹಲಗೆಗೆ ಬೆನ್ನು ಕೊಟ್ಟು ನಿಂತ. ಈಚೆ ಸರಿದಾಗ ಕೊನೆಯ ನಾಲ್ಕು ಅಂಕಿಗಳು ಅಂಗಿಯ ಬೆನ್ನಿಗೆ ಅಂಟಿಕೊಂಡು ಬಂದವು.

"ಅಯ್ಯೋ, ನಾನಿನ್ನೂ ಬರ್ಕೊಂಡಿಲ್ಲ!" ಟಪಾಲಿನವಳು ಅವನ ಹಿಂದೆ ಬಂದು ನಿಂತಳು. "ಅಲ್ಲಾಡ್ಬೇಡಿ ಶೇಷಣ್ಣ. ಎಲ್ಲಾ ತಿರುಗುಮುರುಗಾಗಿದೆ."

ಅವನು ಉಸಿರೂ ಬಿಡಲಿಲ್ಲ. ಅವಳು ಅಷ್ಟು ಹೊತ್ತು ಅವನ ಹತ್ತಿರ ನಿಂತದ್ದು ಅದೇ ಮೊದಲು.

ಊಟದ ನಂತರ ಅವಳು ಓಡಿಬಂದಳು. "ಭಾಗ ಆಯ್ತು ಸಾರ್! ಒಂದು ನಮ್ಮನೆ ಫೋನ್ ನಂಬರು. ಇನ್ನೊಂದೂ ಹಾಗೇ ಕಾಣ್ತು, ಮಾಡಿ ನೋಡಿದೆ. ರಿಂಗ್ ಆಗ್ತಾನೇ ಇದೆ, ಯಾರೂ ಎತ್ತಲ್ಲ."

ಯಾರ ನಂಬರೆಂದು ಯಾರಿಗೂ ತಿಳಿಯಲಿಲ್ಲ. ಇಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ.

"ಈ ಸಂಖ್ಯೆ ಎಲ್ಲಿಂದ ತಂದ್ರಿ ಶೇಷಣ್ಣ?" ಎಂದಳು.

"ಸುಮ್ನೆ... ಕೈಗೆ ಬಂದಿದ್ದು ಬರೆದೆ."

"ಸಂಜೆ ಮನೆಯಿಂದ ಮತ್ತೆ ಮಾಡ್ತೀನಿ ಬಿಡಿ."

ಸಂಜೆ ಬಸ್ಸು ಅರ್ಧದಾರಿಯಲ್ಲಿ ಕೆಟ್ಟು ನಿಂತಿತು. ಶೇಷಣ್ಣ ಓಡಿದ. ಮೆಟ್ಟಿಲ ಕೆಳಗೇ ಫೋನಿನ ಸದ್ದು ಕೇಳಿಸಿತು. ತನ್ನ ಫೋನಿನ ಸದ್ದು ಹೀಗಿರುತ್ತದೆಂಬುದೇ ಅವನಿಗೆ ಮರೆತುಹೋಗಿತ್ತು. ಎರಡೆರಡು ಮೆಟ್ಟಿಲು ಹಾರಿದ. ಸದ್ದು ನಿಂತಿತು.

ಕೋಣೆಯ ಬಾಗಿಲು ತೆರೆದಿತ್ತು. ಮನೆ ಓನರಮ್ಮ ಕೈಯಲ್ಲಿ ತಮ್ಮ ಕೀಗೊಂಚಲು ಹಿಡಿದು ರಿಸೀವರ್ ಕೆಳಗಿಡುತ್ತಿದ್ದರು.

"ಮಧ್ಯಾಹ್ನದಿಂದ ಬಡ್ಕೊಂಡು ಬಡ್ಕೊಂಡು ನನ್ನ ತಲೆ ಚಿಟ್ಟುಹಿಡೀತು ಕಣಪ್ಪ. ಯಾರೋ ಹುಡುಗಿ, 'ಇದು ಯಾರ ನಂಬರು' ಅಂತಾಳೆ. ನಿನಗ್ಯಾರು ಫೋನ್ ಮಾಡ್ತಾರೆ! ರಾಂಗ್ ನಂಬರ್, ಇನ್ಮೇಲೆ ಮಾಡ್ಬೇಡಮ್ಮ ಅಂತ ಹೇಳಿ ಇಟ್ಟೆ."

"ಉಪಕಾರ ಆಯ್ತಮ್ಮ," ಎಂದ ಶೇಷಣ್ಣ.

ಮರುದಿನ ಹಲಗೆ ಬರೆಯುವ ಸರದಿ ಅವಳದು. "ರಾಂಗ್ ನಂಬರಂತೆ ಶೇಷಣ್ಣ. ಯಾರೋ ಅಜ್ಜಿ ಬೈದೇಬಿಟ್ರು," ಎಂದು ನಗುತ್ತ ಡಸ್ಟರಿಗೆ ಕೈಚಾಚಿದಳು.

ಅವನು ಕೊಟ್ಟ. ಅವಳು ಸಂಖ್ಯೆಯನ್ನು ಅಳಿಸಿದಳು.