ಗ್ರಾಂ ಸಾಹೇಬರ ಎಂಟು ಕೆ.ಜಿ.

ನಾನು ಒಂದು ನಿರ್ಧಾರ ಮಾಡಿದೆನೆಂದರೆ ಮುಗಿಯಿತು, ಅದನ್ನು ಅಲುಗಾಡಿಸಲು ಯಾರಿಂದಲೂ ಆಗುವುದಿಲ್ಲ. ಈ ಮಾತನ್ನು ನಾನು ಮೂಳೆ ಡಾಕ್ಟರ ಮುಂದೆ, ಹೆಂಡತಿಯ ಸಮಕ್ಷಮದಲ್ಲಿ, ಎದೆಯುಬ್ಬಿಸಿ ಹೇಳಿದೆ. ಎದೆಗಿಂತ ಮೊದಲು ಹೊಟ್ಟೆ ಉಬ್ಬಿತು ಎಂಬುದು ಬೇರೆ ವಿಷಯ.

ಆಗಿದ್ದಿಷ್ಟು. ನನ್ನ ಬಲ ಮೊಣಕಾಲಿನ ಕೀಲು ಸವೆದುಹೋಗಿತ್ತು. ಮೆಟ್ಟಿಲು ಹತ್ತಿದರೆ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಹಳೇ ಕೀಲು ತೆಗೆದು ಹೊಸದು ಕೂರಿಸಬೇಕು, ಆಪರೇಷನ್ ದೊಡ್ಡದೇ, ಎಂದರು ಡಾಕ್ಟರು. ಜೊತೆಗೆ ಒಂದು ಷರತ್ತು ಹಾಕಿದರು.

“ತೊಂಬತ್ನಾಲ್ಕು ಕೆ.ಜಿ. ಇದೀರಿ. ಎಂಟು ಕೆ.ಜಿ. ಇಳಿಸ್ಕೊಂಡು ಬನ್ನಿ, ಮೂರು ತಿಂಗಳು ಟೈಮ್ ಕೊಡ್ತೀನಿ. ದಿನಾ ಅರ್ಧ ಗಂಟೆ ನಿಧಾನಕ್ಕೆ ನಡೀಬೇಕು, ಕಾಲಿನ ವ್ಯಾಯಾಮ ಮಾಡ್ಬೇಕು, ಕರಿದಿದ್ದು ಸಿಹಿ ಎರಡೂ ಬಂದ್. ಆಪರೇಷನ್ ಆದ್ಮೇಲೂ ಇದೇ ಅಭ್ಯಾಸ ಮುಂದುವರೀಬೇಕು. ಆಗತ್ತಾ?”

“ಡಾಕ್ಟ್ರೇ, ಇಪ್ಪತ್ತಾರು ವರ್ಷದಿಂದ ಊರಿನ ತಕ್ಕಡಿಗಳನ್ನೆಲ್ಲ ನೇರ ಮಾಡಿದೋನು ನಾನು. ನನ್ನ ಒಂದು ದೇಹ ನೇರ ಮಾಡೋಕಾಗಲ್ವಾ?”

ಅದು ಬರೀ ಜಂಬದ ಮಾತಲ್ಲ. ನಾನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ತರಕಾರಿಯವರ ತಕ್ಕಡಿಯಿಂದ ಹಿಡಿದು ಲಾರಿ ತೂಗುವ ಯಂತ್ರದವರೆಗೆ ಎಲ್ಲವೂ ನನ್ನ ಕೈಯಲ್ಲಿ ಪರೀಕ್ಷೆಯಾಗಿ, ಮುದ್ರೆ ಬಿದ್ದ ಮೇಲೆಯೇ ಕೆಲಸಕ್ಕೆ ಇಳಿಯಬೇಕು. ಐದು ಗ್ರಾಂ ವ್ಯತ್ಯಾಸಕ್ಕೂ ನಾನು ಯಾರನ್ನೂ ಬಿಟ್ಟವನಲ್ಲ. ಪೇಟೆಯಲ್ಲಿ ನನ್ನನ್ನು ‘ಗ್ರಾಂ ಸಾಹೇಬರು’ ಎಂದು ಕರೆಯುತ್ತಾರೆ. ಎದುರಿಗೆ ಗೌರವದಿಂದ, ಹಿಂದಿನಿಂದ ಬೇರೆ ಧಾಟಿಯಲ್ಲಿ.

ನನ್ನ ಹೆಂಡತಿ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಯಾವುದನ್ನೇ ಆಗಲಿ ಪಟ್ಟಿ ಮಾಡದೆ ಬಿಡುವವಳಲ್ಲ. ಮನೆಗೆ ಬಂದವಳೇ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಗೆರೆ ಎಳೆದು, ಎರಡು ಕಾಲಂ ಮಾಡಿದಳು. ಒಂದು ನನ್ನದು, ಒಂದು ಅವಳದು.

“ನಿಂದ್ಯಾಕೆ? ನೀನು ಸರಿಯಾಗೇ ಇದೀಯಲ್ಲ,” ಎಂದೆ.

“ಒಬ್ರೇ ತೂಕ ನೋಡ್ಕೊಂಡ್ರೆ ನಿಮಗೆ ಬೇಜಾರಾಗತ್ತೆ. ಜೊತೆಗೆ ನಾನೂ ನಿಂತ್ಕೋತೀನಿ. ಪ್ರತಿ ಭಾನುವಾರ, ತಿಂಡಿಗೆ ಮುಂಚೆ.”

ಮೊದಲ ಮೂರು ದಿನ ನಾನು ಮಹಾತಪಸ್ವಿಯಂತೆ ಬದುಕಿದೆ. ಸೌತೆಕಾಯಿ, ಬೇಯಿಸಿದ ಸೊಪ್ಪು, ಬೆಣ್ಣೆ ಕಾಣದ ಬ್ರೆಡ್ಡು. ಮನೆಯಲ್ಲಿದ್ದ ಬೆಣ್ಣೆ, ಬಿಸ್ಕತ್ತು, ಗೋಡಂಬಿಯನ್ನೆಲ್ಲ ಹೆಂಡತಿ ತಾನೇ ತಿಂದು ಮುಗಿಸಲು ಶುರುಮಾಡಿದಳು, ನನ್ನ ಕಣ್ಣಿಗೆ ಬೀಳಬಾರದು, ಹಾಳೂ ಆಗಬಾರದು ಎಂದು. ನಾಲ್ಕನೇ ದಿನ ಆಫೀಸಿನ ಎದುರಿನ ಬೇಕರಿಯಲ್ಲಿ ಕ್ರೀಮ್ ಬನ್ನುಗಳು ಒಲೆಯಿಂದ ಹೊರಬಂದವು. ತಪಸ್ಸು ಕೆಡಿಸಲು ಇಷ್ಟು ಸಾಕಾಯಿತು. ಒಂದೇ ಒಂದು ತಿಂದೆ. ಅದು ಒಂಟಿಯಾಗಬಾರದೆಂದು ಇನ್ನೊಂದು ತಿಂದೆ. ನಡಿಗೆಯೂ ಬೇಕರಿಯವರೆಗೆ ಮತ್ತು ಅಲ್ಲಿಂದ ವಾಪಸು ಎಂದು ನಿಗದಿಯಾಯಿತು.

ಭಾನುವಾರ ತೂಕದ ಯಂತ್ರ ತೊಂಬತ್ನಾಲ್ಕು ಕೆ.ಜಿ. ಮುನ್ನೂರು ಗ್ರಾಂ ತೋರಿಸಿತು.

“ಏನ್ರೀ ಇದು, ಸೌತೆಕಾಯಿ ತಿಂದು ಯಾರಾದ್ರೂ ದಪ್ಪ ಆಗ್ತಾರಾ?”

“ಸೌತೆಕಾಯೀಲಿ ನೀರಿನಂಶ ಜಾಸ್ತಿ ಕಣೇ.”

ಅವಳು ಪೆನ್ಸಿಲ್ ಹಿಡಿದು ಅಂಕಿ ಬರೆದಳು. ಮುಖ ಸಣ್ಣದಾಗಿತ್ತು. ಅದನ್ನು ನೋಡಿ ನನಗೂ ಕಷ್ಟವಾಯಿತು. ಬನ್ನು ಬಿಡುವುದೊಂದು ದಾರಿ. ಆದರೆ ನನಗೆ ಹೊಳೆದದ್ದು ಒಂದು ವೃತ್ತಿಪರ ಅನುಮಾನ. ಯಂತ್ರ ಹಳೆಯದು, ಸ್ವಲ್ಪ ಜಾಸ್ತಿ ತೋರಿಸುತ್ತಿರಬಾರದೇಕೆ?

ಮುಂದಿನ ಶನಿವಾರ ಮಧ್ಯಾಹ್ನ ಅವಳು ಕೆಲಸಕ್ಕೆ ಹೋದಾಗ ಯಂತ್ರವನ್ನು ಮಗುಚಿ ಹಾಕಿ, ನಾಲ್ಕು ತಿರುಪು ಬಿಚ್ಚಿದೆ. ಮುಳ್ಳನ್ನು ಸೊನ್ನೆಗಿಂತ ಹಿಂದೆ ಸರಿಸುವುದು ಅನನುಭವಿಗಳು ಮಾಡುವ ಮೋಸ. ಖಾಲಿ ಯಂತ್ರ ನೋಡಿದ ಕೂಡಲೇ ಸಿಕ್ಕಿಬೀಳುತ್ತಾರೆ. ನಾನು ಒಳಗಿನ ಸ್ಪ್ರಿಂಗಿನ ಕೊಕ್ಕೆಯನ್ನು ಒಂದು ಹಲ್ಲು ಹಿಂದಕ್ಕೆ ಸಿಕ್ಕಿಸಿದೆ. ಖಾಲಿ ಇದ್ದಾಗ ಮುಳ್ಳು ಸಾಧುವಿನಂತೆ ಸೊನ್ನೆಯ ಮೇಲೇ ಕೂತಿರುತ್ತದೆ, ಭಾರ ಬಿದ್ದಾಗ ನೂರಕ್ಕೆ ಒಂದರಷ್ಟು ನುಂಗುತ್ತದೆ. ಇದೇ ಕೈಚಳಕಕ್ಕಾಗಿ ಹಿಂದಿನ ತಿಂಗಳು ಒಬ್ಬ ಗುಜರಿ ವ್ಯಾಪಾರಿಯ ಮೇಲೆ ಕೇಸು ಹಾಕಿದ್ದೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಮೇಯುವಾಗ ಬೇಲಿಗೆ ಹಾಗನ್ನಿಸುವುದಿಲ್ಲ ಅಷ್ಟೇ.

ಮಾರನೇ ದಿನ ತೊಂಬತ್ಮೂರೂವರೆ. ಹೆಂಡತಿಯ ಮುಖ ಅರಳಿತು.

ಹೀಗೆ ಹೆಚ್ಚುಕಮ್ಮಿ ವಾರಕ್ಕೊಂದು ಹಲ್ಲಿನಂತೆ ನಾನು ಸಣ್ಣಗಾಗುತ್ತ ಹೋದೆ. ಕೊನೆಯ ತಿಂಗಳಲ್ಲಿ ನಿಜವಾಗಿಯೂ ಇಳಿಸಿ, ಕೊಕ್ಕೆಯನ್ನು ಮೊದಲಿನ ಜಾಗಕ್ಕೆ ತಂದು, ಎಲ್ಲ ಸರಿ ಮಾಡಿಬಿಡೋಣವೆಂದು ನಾನು ಪ್ರಾಮಾಣಿಕವಾಗಿ ಅಂದುಕೊಂಡಿದ್ದೆ. ಕೊನೆಯ ತಿಂಗಳು ಬಂದಾಗ ಕೊನೆಯ ವಾರ ಎಂದುಕೊಂಡೆ.

“ಇಷ್ಟು ಇಳಿದ್ರೂ ನೋವು ಯಾಕ್ರೀ ಇಳೀತಿಲ್ಲ?” ಎಂದು ಒಮ್ಮೆ ಕೇಳಿದಳು.

“ಮೂಳೆಗೆ ಸುದ್ದಿ ತಲುಪೋಕೆ ಸ್ವಲ್ಪ ಟೈಮ್ ಬೇಕು.”

ಅವಳು ನಗಲಿಲ್ಲ. ಆಮೇಲಾಮೇಲೆ ಅವಳು ಯಾವುದಕ್ಕೂ ಹೆಚ್ಚು ನಗುತ್ತಿರಲಿಲ್ಲ. ಹಾಳೆಯ ಮುಂದೆ ಪೆನ್ಸಿಲ್ ಹಿಡಿದು ಸುಮ್ಮನೆ ನಿಂತಿರುತ್ತಿದ್ದಳು. ನನ್ನ ಪ್ರಗತಿಗೆ ಬೆರಗಾಗಿರಬೇಕೆಂದು ನಾನು ತಿಳಿದೆ. ನನ್ನ ಕಾಲಂ ಬಿಟ್ಟು ಪಕ್ಕದ ಕಾಲಮನ್ನು ನಾನು ಒಂದು ದಿನವೂ ಓದಲಿಲ್ಲ.

ಒಂದು ಸಂಜೆ ಮನೆಗೆ ಬಂದರೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿತ್ತು. ಸಕ್ಕರೆ. ಉಪ್ಪು. ಉಪ್ಪಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಅರ್ಧ ಚಮಚ ಸಾಕು’. ಬಟ್ಟೆ ಒಗೆಯುವ ಯಂತ್ರದ ಮೇಲೆ ‘ಬಿಳಿ ಬಟ್ಟೆ ಬೇರೆ ಹಾಕಿ’. ನನ್ನ ಮಾತ್ರೆಗಳ ಪೆಟ್ಟಿಗೆಯ ಮೇಲೆ ‘ತಿಂಡಿ ಆದ ಮೇಲೆ. ಮರೆಯಬೇಡಿ’.

“ಏನೇ ಇದು, ನನ್ನನ್ನ ಹಾಸ್ಟೆಲ್‌ಗೆ ಸೇರಿಸ್ತಿದೀಯಾ?”

“ಕಲ್ತಿರಿ. ಯಾವಾಗ ಏನಾಗತ್ತೋ ಯಾರಿಗೆ ಗೊತ್ತು.”

“ನಂಗೇನಾಗತ್ತೆ? ಮೊಣಕಾಲು ತಾನೇ.”

“ಬನ್ನಿ ಇಲ್ಲಿ. ಸೊಪ್ಪು ಬೇಯ್ಸೋದು ಹೇಗೆ ಅಂತ ಇನ್ನೊಂದ್ಸಲ ತೋರಿಸ್ತೀನಿ.”

ಗ್ರಂಥಾಲಯದ ಹುಚ್ಚು ಅಡುಗೆಮನೆಗೂ ಹಬ್ಬಿತು ಎಂದುಕೊಂಡು ನಾನು ಸೊಪ್ಪು ಬೇಯಿಸಿದೆ.

ಆಪರೇಷನ್ನಿಗೆ ಒಂದು ವಾರ ಮುಂಚೆ ಆಸ್ಪತ್ರೆಗೆ ಬರಹೇಳಿದರು. ಹೆಂಡತಿ ಫ್ರಿಜ್ಜಿನ ಹಾಳೆಯನ್ನು ಮಡಿಚಿ ಚೀಲದಲ್ಲಿಟ್ಟುಕೊಂಡಳು. ಅಲ್ಲಿ ಡಾಕ್ಟರು ಹಾಳೆಯ ಕಡೆಯ ಸಾಲು, ಎಂಬತ್ತಾರೂವರೆ, ನೋಡಿ ಭೇಷ್ ಎನ್ನುತ್ತಾರೆ, ಅಲ್ಲಿಗೆ ವಿಷಯ ಮುಗಿಯುತ್ತದೆ ಎಂಬ ಭರವಸೆಯಲ್ಲಿ ನಾನು ಒಪ್ಪಿಗೆ ಫಾರಂಗೆ ಸಹಿ ಹಾಕಿದೆ. ಸಹಿ ಒಣಗುವ ಮೊದಲೇ ಸಿಸ್ಟರ್ ನನ್ನನ್ನು ಮೂಲೆಯಲ್ಲಿದ್ದ ಯಂತ್ರದ ಮೇಲೆ ಹತ್ತಿಸಿದರು.

“ತೊಂಬತ್ತೈದು ಪಾಯಿಂಟ್ ಒಂದು,” ಎಂದರು ಸಿಸ್ಟರ್.

ಸಿಕ್ಕಿಬಿದ್ದವನು ಮೊದಲು ಮಾಡುವ ಕೆಲಸವೆಂದರೆ ಜೋರು ಮಾಡುವುದು. ಪೇಟೆಯಲ್ಲಿ ನೂರಾರು ಸಲ ನೋಡಿದ್ದೇನೆ. ಈಗ ನಾನೇ ಅದನ್ನು ಮಾಡಿದೆ.

“ಈ ಯಂತ್ರ ಸರಿಯಿಲ್ಲ. ನಮ್ಮನೇದ್ರಲ್ಲಿ ಎಂಬತ್ತಾರೂವರೆ ಬರತ್ತೆ. ಇದನ್ನ ಕಾನೂನು ಪ್ರಕಾರ ಪರೀಕ್ಷೆ ಮಾಡ್ಸಿದೀರಾ? ನಾನು ಯಾರು ಗೊತ್ತಾ?”

ಸಿಸ್ಟರ್ ಯಂತ್ರದ ಹಿಂಬದಿಗೆ ಬಗ್ಗಿದರು. ಅಲ್ಲಿ ಅಂಟಿಸಿದ್ದ ಚೀಟಿಯನ್ನು ಓದಿದರು. ಆಮೇಲೆ ನನ್ನ ಒಪ್ಪಿಗೆ ಫಾರಂ ತಂದು ಅದರ ಪಕ್ಕ ಹಿಡಿದರು.

“ಎರಡು ತಿಂಗಳ ಹಿಂದೆ ಪರೀಕ್ಷೆ ಆಗಿದೆ ಸರ್. ನೀವೇ ಸಹಿ ಹಾಕಿದೀರಿ. ಇಲ್ಲಿ ನೋಡಿ, ಒಂದೇ ಥರ ಇದೆ.”

ಹೌದು, ಬಂದಿದ್ದೆ. ಆವತ್ತು ಒಂದೇ ದಿನ ಆಸ್ಪತ್ರೆಯ ಹನ್ನೊಂದು ಯಂತ್ರ ಪರೀಕ್ಷಿಸಿ, ಒಂದು ಗ್ರಾಂ ಕೂಡ ಆಚೀಚೆ ಇಲ್ಲವೆಂದು ಮೆಚ್ಚಿ ಬರೆದಿದ್ದೆ.

ಹೆಂಡತಿ ನಗುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ನೋಡಿದೆ. ಅವಳು ಎರಡೂ ಮಾಡಲಿಲ್ಲ. ಚೀಲ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಯಂತ್ರದ ಮೇಲೆ ಹತ್ತಿದಳು. ಅರವತ್ನಾಲ್ಕು ಪಾಯಿಂಟ್ ಎರಡು. ಇಳಿದು ಮತ್ತೆ ಹತ್ತಿದಳು. ಅಷ್ಟೇ ಬಂತು.

“ಸಿಸ್ಟರ್, ಇದು ಸರಿಯಾಗಿದೆ ತಾನೇ?”

“ನಿಮ್ಮನೆಯೋರೇ ಸರಿ ಇದೆ ಅಂತ ಬರ್ಕೊಟ್ಟಿದಾರಲ್ಲಮ್ಮ.”

ಅವಳು ಹೊರಗಿನ ಬೆಂಚಿನ ಮೇಲೆ ಕೂತು ಅಳತೊಡಗಿದಳು. ನನ್ನ ಮಾನ ಹೋಯಿತೆಂದು ಅಳುತ್ತಿದ್ದಾಳೆಂದು ನಾನು ಸಮಾಧಾನಕ್ಕೆ ಹೋದೆ.

“ಅಳ್ಬೇಡ ಕಣೇ. ಎಂಟು ಕೆ.ಜಿ. ತಾನೇ, ನಾನು...”

“ಮನೆ ಯಂತ್ರ ಏನು ಮಾಡಿದ್ರಿ?”

ಹೇಳಿದೆ. ಕೊಕ್ಕೆ, ಹಲ್ಲು, ಬನ್ನು, ಎಲ್ಲ.

“ಎಷ್ಟು ಕಮ್ಮಿ ತೋರಿಸತ್ತೆ ಅದು?”

“ಈಗ ನೂರಕ್ಕೆ ಒಂಬತ್ತು.”

“ನಂಗೂ?”

ಯಂತ್ರಕ್ಕೆ ಗಂಡ ಹೆಂಡತಿ ಎಂಬ ಭೇದ ಇಲ್ಲ ಎಂಬುದು ಇಪ್ಪತ್ತಾರು ವರ್ಷದ ಅನುಭವಸ್ಥನಿಗೆ ಆವರೆಗೆ ಹೊಳೆದಿರಲಿಲ್ಲ. ಅವಳು ಹಾಳೆ ಬಿಚ್ಚಿ ನನ್ನ ಮುಂದೆ ಹಿಡಿದಳು. ಅವಳ ಕಾಲಂ ಅರವತ್ತೆರಡರಿಂದ ಶುರುವಾಗಿ, ವಾರ ವಾರ ಇಳಿದು, ಐವತ್ತೆಂಟೂ ಚಿಲ್ಲರೆಗೆ ಬಂದಿತ್ತು.

“ನಿಮ್ಮ ಪಾಲಿಂದೂ ಸೇರ್ಸಿ ತಿಂತಿದೀನಿ, ಆದ್ರೂ ಇಳೀತಿದೀನಿ. ಬಟ್ಟೆ ಮಾತ್ರ ಬಿಗಿ ಆಗ್ತಿದೆ. ನಮ್ಮಕ್ಕಂಗೂ ಹೀಗೇ ಅಲ್ವಾ ಆಗಿದ್ದು? ಮೈ ಇಳೀತು, ಹೊಟ್ಟೆ ಮಾತ್ರ ಬಂತು. ಆಮೇಲೆ ಆರೇ ತಿಂಗಳು.” ಮೂಗೊರೆಸಿಕೊಂಡಳು. “ರಕ್ತ ಪರೀಕ್ಷೆ ಮಾಡಿಸ್ದೆ. ಏನೂ ಸಿಗ್ಲಿಲ್ಲ ಅಂದ್ರು. ಅದಕ್ಕೆ ಇನ್ನೂ ಹೆದರಿಕೆ ಆಯ್ತು. ಸ್ಕ್ಯಾನ್‌ಗೆ ಬರೆಸ್ಕೊಂಡಿದೀನಿ, ನಿಮ್ಮ ಆಪರೇಷನ್ ಆದ ಮಾರನೇ ವಾರಕ್ಕೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ನಿಮಗೆ ಬಿ.ಪಿ. ಜಾಸ್ತಿ ಆದ್ರೆ ಆಪರೇಷನ್ ಮಾಡಲ್ಲ ಅಂದಿದ್ರಲ್ಲ ಡಾಕ್ಟ್ರು.”

ಡಬ್ಬಿಗಳ ಮೇಲಿನ ಚೀಟಿಗಳು ಯಾಕೆಂದು ನನಗೆ ಆಗ ಅರ್ಥವಾಯಿತು. ಎರಡು ತಿಂಗಳು ಅವಳು ತಾನು ಹೋಗುತ್ತೇನೆಂದು ತಿಳಿದು, ನನಗೆ ಸೊಪ್ಪು ಬೇಯಿಸುವುದನ್ನು ಕಲಿಸುತ್ತಿದ್ದಳು. ನಾನು ಬನ್ನು ತಿನ್ನುತ್ತಿದ್ದೆ. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಕ್ಷಮಿಸು ಎಂದೆ. ಅವಳು ಹಾಳೆಯನ್ನು ಮಡಿಚಿ ಚೀಲಕ್ಕೆ ಹಾಕಿದಳು. ಆಮೇಲೆ, “ಮೊದ್ಲು ನಾನು ಎರಡು ಕೆ.ಜಿ. ಇಳಿಸ್ಬೇಕು, ನಿಮ್ಮಿಂದಾಗಿ,” ಎಂದಳು.

ಡಾಕ್ಟರು ನಡೆದದ್ದೆಲ್ಲ ಕೇಳಿಸಿಕೊಂಡು ಆಪರೇಷನ್ ನಾಲ್ಕು ತಿಂಗಳು ಮುಂದಕ್ಕೆ ಹಾಕಿದರು.

“ನೀವು ಯಂತ್ರಕ್ಕೆ ಏನು ಬೇಕಾದ್ರೂ ಹೇಳ್ಕೊಡಿ. ನಿಮ್ಮ ಮೊಣಕಾಲಿಗೆ ಮಾತ್ರ ತೊಂಬತ್ತೈದೇ ಗೊತ್ತಿರೋದು,” ಎಂದರು.

ಆ ನಾಲ್ಕು ತಿಂಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಹೇಳುವಂಥದ್ದು ಇಲ್ಲದಿರುವುದೇ ಒಳ್ಳೆ ಅಭ್ಯಾಸದ ಲಕ್ಷಣ. ಬೆಳಗ್ಗೆ ಇಬ್ಬರೂ ನಡೆದೆವು. ನಾನು ಕುಂಟುತ್ತ, ಅವಳು ನನಗಿಂತ ಹತ್ತು ಹೆಜ್ಜೆ ಮುಂದೆ. ಹದಿನೈದು ದಿನಕ್ಕೊಮ್ಮೆ ಆಸ್ಪತ್ರೆಯ ಯಂತ್ರದ ಮೇಲೆ ನಿಂತೆ. ಸಿಸ್ಟರ್ ಪ್ರತಿ ಸಲವೂ “ಮುದ್ರೆ ನೋಡ್ತೀರಾ ಸರ್?” ಎಂದು ಕೇಳಿದರು. ಎಂಬತ್ತಾರು ಕೆ.ಜಿ.ಗೆ ಬಂದ ವಾರ ನನ್ನನ್ನು ಆಪರೇಷನ್ ಕೋಣೆಗೆ ಸಾಗಿಸಿದರು.

ಆಪರೇಷನ್ ಚೆನ್ನಾಗಿ ಆಯಿತು. ಮಾರನೇ ದಿನವೇ ಎಬ್ಬಿಸಿ ನಿಲ್ಲಿಸಿದರು. ಎಂಟು ಹೆಜ್ಜೆ ನಡೆಸಿದರು. ಕಣ್ಣ ಮುಂದೆ ನಕ್ಷತ್ರ ಕಾಣಿಸಿದವು. ಹಾಸಿಗೆಗೆ ಮರಳಿದ ಮೇಲೆ ಅದೇ ಸಿಸ್ಟರ್ ಪಟ್ಟಿ ಹಿಡಿದು ಬಂದರು.

“ನೋವು ಎಷ್ಟಿದೆ ಸರ್? ಸೊನ್ನೆ ಅಂದ್ರೆ ಇಲ್ಲ, ಹತ್ತು ಅಂದ್ರೆ ತಡೆಯೋಕಾಗಲ್ಲ.”

ಹೆಂಡತಿ ಮಂಚದ ಕಂಬಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಇವಳನ್ನು ಇನ್ನು ಹೆದರಿಸಬಾರದು ಎಂದು ನಾನು ಹಲ್ಲು ಕಚ್ಚಿ ಮುಗುಳ್ನಕ್ಕೆ.

“ಎರಡು,” ಎಂದೆ.

“ಆರು ಅಂತ ಬರ್ಕೊಳ್ಳಿ ಸಿಸ್ಟರ್,” ಎಂದಳು ಹೆಂಡತಿ. “ನಂಗೆ ಹೆದರಿಕೆ ಆಗ್ಬಾರ್ದು ಅಂತ ಕಮ್ಮಿ ಹೇಳ್ತಿದಾರೆ. ಕಮ್ಮಿ ತೋರಿಸಿದ್ರೇ ನಂಗೆ ಹೆದರಿಕೆ ಆಗೋದು ಅಂತ ಇವ್ರಿಗೆ ಇನ್ನೂ ಗೊತ್ತಾಗಿಲ್ಲ.”

ಸಿಸ್ಟರ್ ನನ್ನ ಕಡೆ ತಿರುಗಿಯೂ ನೋಡದೆ ಆರು ಎಂದು ಬರೆದುಕೊಂಡರು. ಇದ್ದದ್ದೂ ಆರೇ.