ನನ್ನ ಅಕ್ಷರ ಕೋರ್ಟಿಗೆ ಹೋದದ್ದು

ಪ್ರತಿಯೊಬ್ಬರಿಗೂ ತಮ್ಮ ಯಾವುದಾದರೊಂದು ಅಂಗದ ಮೇಲೆ ಗುಟ್ಟಾದ ಹೆಮ್ಮೆ ಇರುತ್ತದೆ. ಕೆಲವರಿಗೆ ಮೀಸೆ, ಕೆಲವರಿಗೆ ಕಂಠ. ಹೇಳಿಕೊಳ್ಳುವಂಥ ಮೀಸೆಯಾಗಲಿ ಕಂಠವಾಗಲಿ ಇಲ್ಲದ ನನಗೆ ಬಲಗೈಯೇ ಸರ್ವಸ್ವವಾಗಿತ್ತು. ತ್ಯಾವಣಿಗೆಯ ಶಾಲೆಯಲ್ಲಿ ಮೇಷ್ಟರಾಗಿದ್ದ ನಾನು ಬೋರ್ಡಿನ ಮೇಲೆ ಬರೆದದ್ದನ್ನು ಅಳಿಸಲು ನನಗೇ ಮನಸ್ಸು ಬರುತ್ತಿರಲಿಲ್ಲ. ಊರಿನ ಲಗ್ನಪತ್ರಿಕೆಗಳ ಮೇಲಿನ ವಿಳಾಸಗಳನ್ನೆಲ್ಲ ನಾನೇ ಬರೆಯುತ್ತಿದ್ದೆ. ಯಾರೂ ಕರೆಯದಿದ್ದರೆ ಕೇಳಿಕೊಂಡು ಹೋಗಿ ಬರೆಯುತ್ತಿದ್ದೆ.

ಎಂಬತ್ತರ ದಶಕದ ಆರಂಭದ ಮಾತು. ನ್ಯಾಮತಿಯಲ್ಲಿ ನೆಂಟರ ಮನೆಯ ನಾಮಕರಣದ ಊಟ ಮುಗಿಸಿ ಹೊನ್ನಾಳಿಗೆ ಬಾಡಿಗೆ ಕಾರು ಹತ್ತಿದೆ. ಒಳಗೆ ಒಂಬತ್ತು ಜನ. ನಮ್ಮ ಡ್ರೈವರ್ ಯಾರ ಜೊತೆ ಮಾತಾಡಿದರೂ ಅವರ ಮುಖ ನೋಡಿಯೇ ಮಾತಾಡುವ ಸಭ್ಯಸ್ಥ. ಹಿಂದಿನ ಸೀಟಿನವರೊಬ್ಬರು ಅವನ ಊರು ಯಾವುದೆಂದು ಕೇಳಿದರು. ಅವನು ತಿರುಗಿ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಕಾರು ಮೋರಿಯ ಕಟ್ಟೆಗೆ ಗುದ್ದಿತ್ತು. ಉಳಿದವರಿಗೆಲ್ಲ ತರಚುಗಾಯ. ನನ್ನ ಬಲ ಮಣಿಕಟ್ಟು ಮಾತ್ರ ಎರಡು ಕಡೆ ಮುರಿಯಿತು.

ಪಟ್ಟಿ ಬಿಚ್ಚಿದ ಮೇಲೂ ಬೆರಳುಗಳು ಮಾತು ಕೇಳಲಿಲ್ಲ. ಹಿಡಿದ ಸೀಮೆಸುಣ್ಣ ಜಾರಿ ಬೀಳುತ್ತಿತ್ತು. ಎಡಗೈಯಲ್ಲಿ ಬರೆಯತೊಡಗಿದೆ. ಮಕ್ಕಳು ಅದನ್ನೇ ನಿಷ್ಠೆಯಿಂದ ನೋಡಿ ಬರೆದು, ಇಡೀ ತರಗತಿಯ ಅಕ್ಷರಗಳು ಎಡಕ್ಕೆ ವಾಲಿದವು. ಒಂದು ಆಪರೇಷನ್ ಮಾಡಿದರೆ ಕೈ ಬಹುಮಟ್ಟಿಗೆ ಸರಿಹೋಗಬಹುದು ಎಂದು ದಾವಣಗೆರೆಯ ಡಾಕ್ಟರು ಹೇಳಿದರು. ಆ ಖರ್ಚು ನನ್ನ ಸಂಬಳಕ್ಕೆ ಮೀರಿದ್ದು. ಹಾಗಾಗಿ ಚನ್ನಗಿರಿಯ ವಕೀಲ ಮಹೇಶ್ವರಪ್ಪನವರು ಕಾರಿನ ವಿಮಾ ಕಂಪನಿಯಿಂದ ಪರಿಹಾರ ಕೇಳಿ ಶಿವಮೊಗ್ಗದ ಕೋರ್ಟಿನಲ್ಲಿ ಅರ್ಜಿ ಹಾಕಿದರು. ಮೊದಲು ನನ್ನ ಅಕ್ಷರ ಹೇಗಿತ್ತೆಂದು ತೋರಿಸಲು ಶಾಲೆಯ ಹಳೆಯ ದಾಖಲೆಯ ಹಾಳೆಯೊಂದನ್ನೂ ಲಗತ್ತಿಸಿದರು.

ಎರಡು ವರ್ಷ ವಾಯಿದೆ ಮೇಲೆ ವಾಯಿದೆ. ಕೋರ್ಟಿನ ಎದುರಿನ ಹೋಟೆಲಿನವನು ನನ್ನನ್ನು ಕಂಡರೆ ಕೇಳದೆಯೇ ಮಸಾಲೆದೋಸೆ ಹುಯ್ಯುವಷ್ಟು ಪರಿಚಯವಾಯಿತು. ಕಂಪನಿಯ ವಕೀಲರು, ಮೇಷ್ಟರ ಸಂಬಳವೇನೂ ನಿಂತಿಲ್ಲ, ಅವರ ಕೆಲಸಕ್ಕೆ ಬಾಯಿದ್ದರೆ ಸಾಕು ಎಂದು ವಾದಿಸಿದರು. ಮಣಿಕಟ್ಟು ಮುರಿದಾಗಲೂ ಅಷ್ಟು ನೋವಾಗಿರಲಿಲ್ಲ. ಮನೆಗೆ ಬಂದು ಹೇಳಿಕೊಂಡರೆ ನನ್ನ ಹೆಂಡತಿ ಗಿರಿಜಾ, ಅದರಲ್ಲಿ ಅರ್ಧ ನಿಜವೇ ಎಂದಳು.

ನನ್ನ ಹೇಳಿಕೆಯ ದಿನ ಬಂತು. ಮಹೇಶ್ವರಪ್ಪನವರು ಮೊದಲೇ ಎಚ್ಚರಿಸಿದ್ದರು.

“ನಿಮ್ಮ ಕೈಲಿ ಬರೆಸಿ ನೋಡ್ತಾರ್ರೀ ಮೇಷ್ಟ್ರೇ. ಕೈ ಹೆಂಗೆ ಓಡ್ತೈತೋ ಹಂಗೆ ಬರೀರಿ. ಜಂಬ ತೋರ್ಸಾಕೆ ಹೋಗಬ್ಯಾಡ್ರಿ.”

ಕಟಕಟೆಯಲ್ಲಿ ನಿಂತಾಗ ಕಂಪನಿಯ ವಕೀಲರು ಹಾಳೆ, ಪೆನ್ನು ಕೊಟ್ಟು ಹೆಸರು ಬರೆಯಿರಿ ಎಂದರು. ನ್ಯಾಯಾಧೀಶರು, ಗುಮಾಸ್ತರು, ಕಾದು ಕೂತ ಕಕ್ಷಿದಾರರು ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಅಷ್ಟು ಜನರೆದುರು ಕೆಟ್ಟದಾಗಿ ಬರೆಯಲು ನನ್ನಿಂದಾಗಲಿಲ್ಲ. ಎಡಗೈಯಿಂದ ಬಲ ಮಣಿಕಟ್ಟನ್ನು ಬಿಗಿಹಿಡಿದು, ಹಲ್ಲು ಕಚ್ಚಿ, ಒಂದೊಂದೇ ಅಕ್ಷರ ತಿದ್ದಿದೆ. ತಲೆಕಟ್ಟು, ಕೊಂಬು, ಒತ್ತು ಎಲ್ಲ ಮುತ್ತಿನ ಹಾಗೆ ಬಂದವು. ಕಂಪನಿಯ ವಕೀಲರು ಅದನ್ನು ನಗುತ್ತಾ ನ್ಯಾಯಾಧೀಶರ ಮುಂದಿಟ್ಟರು. ಮಹೇಶ್ವರಪ್ಪನವರು ಫೈಲು ಮುಚ್ಚಿ ಫ್ಯಾನು ನೋಡತೊಡಗಿದರು. ನನ್ನ ಆಪರೇಷನ್ನನ್ನು ನಾನೇ ಕಳೆದುಕೊಂಡೆ ಎಂದು ಹೊಳೆದದ್ದು ಆಗ.

ನ್ಯಾಯಾಧೀಶರು ಹಾಳೆಗಿಂತ ಹೆಚ್ಚಾಗಿ ಬೆವರಿನಿಂದ ತೊಯ್ದಿದ್ದ ನನ್ನ ಅಂಗಿಯನ್ನು ನೋಡುತ್ತಿದ್ದರು. ಹೆಸರು ಬರೆಯಲು ಎಷ್ಟು ಹೊತ್ತು ಹಿಡಿಯಿತೆಂದು ಗುಮಾಸ್ತರನ್ನು ಕೇಳಿದರು. ಅವರು ಗಡಿಯಾರ ನೋಡಿ ಒಂಬತ್ತು ನಿಮಿಷ ಎಂದರು.

“ಇನ್ನೊಂದು ಸಾಲು ಬರೆಯಿರಿ ಮೇಷ್ಟ್ರೇ” ಎಂದರು ನ್ಯಾಯಾಧೀಶರು.

ಪೆನ್ನು ಎತ್ತಿದೆ, ಬಿತ್ತು. ಮತ್ತೆ ಎತ್ತಿದೆ, ಮತ್ತೆ ಬಿತ್ತು. ಎರಡು ವರ್ಷದಲ್ಲಿ ಹೆಂಡತಿಯ ಮುಂದೆಯೂ ಆಡದ ಮಾತು ಅಲ್ಲಿ ಬಾಯಿಗೆ ಬಂತು.

“ಆಗಂಗಿಲ್ಲ ಸ್ವಾಮಿ. ಮಕ್ಕಳಿಗೆ ನೆಟ್ಟಗೆ ಒಂದು ಅಕ್ಷರ ತಿದ್ಸಾಕೆ ಆಗ್ತಿಲ್ಲ.”

ತೀರ್ಪು ನಮ್ಮ ಕಡೆಗಾಯಿತು. ಪರಿಹಾರ ಬಂತು, ಆಪರೇಷನ್ನೂ ಆಯಿತು. ನಿಧಾನವಾಗಿ ಸೀಮೆಸುಣ್ಣ ಕೈಯಲ್ಲಿ ನಿಂತಿತು. ತರಗತಿಯ ಅಕ್ಷರಗಳೂ ಒಂದೊಂದಾಗಿ ನೆಟ್ಟಗಾದವು.

ಆಮೇಲೊಂದು ದಿನ ಮಹೇಶ್ವರಪ್ಪನವರು ಇಂಗ್ಲಿಷಿನಲ್ಲಿದ್ದ ತೀರ್ಪನ್ನು ಕನ್ನಡದಲ್ಲಿ ಓದಿ ಹೇಳಿದರು. ಶಾಲೆಯ ಹಳೆಯ ಹಾಳೆ ನೋಡಿದ ನ್ಯಾಯಾಧೀಶರು, ಅಪಘಾತಕ್ಕೆ ಮೊದಲು ಅರ್ಜಿದಾರರ ಕೈಬರಹ ಓದಲು ಬರುವಂತಿತ್ತು ಎಂದು ಬರೆದಿದ್ದರು. ಓದಲು ಬರುವಂತಿತ್ತು, ಅಷ್ಟೇ! ನಾನು ಒಂದು ವಾರ ಸಹಿಸಿದೆ. ಆ ಒಂದು ಸಾಲನ್ನು ತಿದ್ದಿಸಬೇಕೆಂದು ನಾಲ್ಕು ಪುಟದ ಮನವಿಯನ್ನು ಕೈಯಾರೆ ಬರೆದು ಚನ್ನಗಿರಿಗೆ ಒಯ್ದೆ. ಅವರು ಅದನ್ನು ಓದದೆ, ಅಕ್ಷರಗಳನ್ನಷ್ಟೇ ನೋಡಿ, ಮಡಿಚಿ ನನ್ನ ಜೇಬಿಗೇ ಇಟ್ಟರು.

“ಇದನ್ನ ಯಾರಿಗೂ ತೋರಿಸಬ್ಯಾಡ್ರಿ ಮೇಷ್ಟ್ರೇ. ಕಂಪನಿಯೋರು ನೋಡಿದ್ರೆ ಕೊಟ್ಟಿದ್ದನ್ನ ವಾಪಸ್ ಕೇಳ್ತಾರೆ.”

ಬಸ್ಸಿನಲ್ಲಿ ಕೂತು ಯೋಚಿಸಿದೆ. ಅವರು ಬೈದರೋ ಹೊಗಳಿದರೋ ತಿಳಿಯಲಿಲ್ಲ. ಹೊಗಳಿದರು ಎಂದೇ ಗಿರಿಜಾಗೆ ಹೇಳಿದೆ.