ಖಾಲಿ ಬಿಟ್ಟ ನಾಲ್ಕು ಮಾತ್ರೆ

ಸ್ವತಂತ್ರ ವಾದ್ಯತಂಡವೆಂದರೆ ಯಾರನ್ನೂ ಕೇಳದೆ ತನ್ನ ಹಾಡನ್ನು ತಾನೇ ಕಟ್ಟಿ ಹಾಡುವ ತಂಡ. ಹಾಗೆ ಯಾರನ್ನೂ ಕೇಳದೆ ಹಾಡುವುದಕ್ಕೆ ನಾದ ಸಂವರ್ಧನ ಇಲಾಖೆಯ ಪೂರ್ವಾನುಮತಿ ಅವಶ್ಯ. ಈ ಸುತ್ತೋಲೆ ಹಳಿಯಾಳದ ಉಪಕಚೇರಿಗೆ ಬಂದಾಗ ಅದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ. ಕಂಡದ್ದು ಗುರಿಯೊಂದೇ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲೂಕುಗಳೆಲ್ಲ ಸೇರಿ ಮಾರ್ಚ್ ಮುಗಿಯುವುದರೊಳಗೆ ಒಂದು ಹೊಸ ತಂಡ ಪತ್ತೆಯಾಗಬೇಕು, ಅದರ ಒಂದು ಹಾಡು ‘ಮನಸ್ಸಿನಲ್ಲಿ ಉಳಿಯುವ ಹಾಡು’ ಎಂದು ದೃಢಪಡಬೇಕು.

ಕೆಲಸ ದ್ವಿತೀಯ ದರ್ಜೆ ಸಹಾಯಕಿ ತುಳಜಾಳ ಮೇಜಿಗೆ ಬಂತು. ಅವಳು ಮುಂಡಗೋಡ ಕಡೆಯ ತಾಂಡಾದವಳು. ಏಳು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಒಂದು ಕಡತವನ್ನೂ ಕಳೆಯದವಳು. ಅಧೀಕ್ಷಕ ಲಗಮಪ್ಪನವರು ಕರೆದು ಹೇಳಿದರು:

“ನೋಡ್ರಿ ತುಳಜಾ, ಗೊತ್ತಿದ್ದ ತಂಡ ತರಬ್ಯಾಡ್ರಿ. ಅದು ಪತ್ತೆ ಅನ್ನಿಸ್ಕೊಳ್ಳೂದಿಲ್ಲ. ಯಾರಿಗೂ ಗೊತ್ತಿಲ್ಲದ್ದು ಬೇಕು.”

“ಯಾರಿಗೂ ಗೊತ್ತಿಲ್ಲ ಅಂತ ನಮಗ ಹೆಂಗ ಗೊತ್ತಾಗ್ತೈತ್ರಿ ಸರ್?”

“ಪ್ರಕಟಣೆ ಕೊಡ್ರಿ.”

ಪ್ರಕಟಣೆ ಕೊಟ್ಟಳು. ‘ಇದುವರೆಗೆ ಯಾರಿಗೂ ತಿಳಿದಿಲ್ಲದ ತಂಡಗಳು ಅರ್ಜಿ ಸಲ್ಲಿಸತಕ್ಕದ್ದು. ತಮ್ಮನ್ನು ಯಾರೂ ಅರಿಯರು ಎಂಬುದಕ್ಕೆ ತಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರ ಸಹಿ ಲಗತ್ತಿಸತಕ್ಕದ್ದು.’ ಒಂದೇ ಒಂದು ಅರ್ಜಿ ಬಂತು, ಮದುವೆಗೆ ಬ್ಯಾಂಡು ಬಾರಿಸುವವರದು. ಅವರು ಲಗಮಪ್ಪನವರ ಮದುವೆಯಲ್ಲೇ ಬಾರಿಸಿದ್ದರಿಂದ ತಿರಸ್ಕೃತವಾಯಿತು.

ಫೆಬ್ರವರಿಯ ಕೊನೆಗೆ ತುಳಜಾ ಜೋಯಿಡಾಕ್ಕೆ ಹೋಗಿದ್ದಳು. ತಿರುಗಿ ಬರುವ ಬಸ್ಸಿಗೆ ಕಾಯುತ್ತ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದಾಗ ಪಕ್ಕದಲ್ಲೇ ಮೂವರು ಹಾಡುತ್ತಿದ್ದರು. ಮೊಣಕಾಲ ಕೆಳಗೆ ಡೋಲು ಅಡ್ಡ ಮಲಗಿಸಿಕೊಂಡವನು ಜುಜೆ, ದಾಂಡೇಲಿಯಲ್ಲಿ ಪ್ರವಾಸಿಗರ ರಬ್ಬರ್ ದೋಣಿ ನಡೆಸುವವನು. ಗಿಟಾರು ಅಂಕುಶನದು. ಹಾಡುವವಳು ನಸ್ರೀನ, ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ಕೆಲಸ. ಮೂವರೂ ಸಿದ್ದಿ ಸಮುದಾಯದವರು, ಅಕ್ಕಪಕ್ಕದ ಹಳ್ಳಿಯವರು, ವಾರದ ರಜೆಯಲ್ಲಿ ಬಸ್ ಬರುವ ತನಕ ಹಾಡುವುದು ಅವರ ರೂಢಿ.

ಅಣಶಿ ಬಸ್ ಬಂತ, ಧೂಳ ಎದ್ದು ಬಂತ,
ಹಂಡೆ ಇಳದ್ವು, ಕೋಳಿ ಇಳದ್ವು,
ಇಳೀಲಿಲ್ಲ ನಮ್ಮ

ಅಷ್ಟಕ್ಕೇ ನಿಂತರು. ಡೋಲೂ ಇಲ್ಲ, ಗಿಟಾರೂ ಇಲ್ಲ. ನಾಲ್ಕು ಮಾತ್ರೆಯಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ಮೊದಲಿನಿಂದ.

ಎರಡನೆಯ ಸಲ ಆ ಖಾಲಿ ಬಂದಾಗ ತುಳಜಾಳಿಗೆ ಅಪ್ಪ ರೂಪ್ಲಪ್ಪ ನೆನಪಾದ. ಗೋವಾದ ರಸ್ತೆ ಕೆಲಸಕ್ಕೆ ಹೋಗಿ ತಿಂಗಳಿಗೊಮ್ಮೆ ಬಸ್ಸಿನಿಂದ ಇಳಿಯುತ್ತಿದ್ದವನು ಒಂದು ತಿಂಗಳು ಇಳಿಯಲಿಲ್ಲ. ಅವನ ಚೀಲವನ್ನು ಕಂಡಕ್ಟರು ಇಳಿಸಿಕೊಟ್ಟ. ಅದಾಗಿ ಹದಿನೆಂಟು ವರ್ಷ. ಆಕೆ ಕಣ್ಣೊರೆಸಿಕೊಂಡು, ತನ್ನ ಕೈಚೀಲದಿಂದ ನಮೂನೆ ತೆಗೆದು, ಮೂವರನ್ನೂ ಪತ್ತೆ ಹಚ್ಚಿದಳು.

“ನಾವು ಕಳದಿದ್ದಿಲ್ಲಲ್ರಿ ಅಕ್ಕಾರ,” ಅಂದಳು ನಸ್ರೀನ.

“ಇರ್ಲಿ, ಸಹಿ ಮಾಡ್ರಿ. ದಾಂಡೇಲಿಯಾಗ ದೊಡ್ಡ ವೇದಿಕೆ ಸಿಗತೈತಿ.”

ಮುಂದಿನದು ಸ್ಮರಣಾ ಪರೀಕ್ಷೆ. ಹಾಡಿನ ಧ್ವನಿಮುದ್ರಣವನ್ನು ಕಚೇರಿಯಲ್ಲಿ ಒಮ್ಮೆ ಕೇಳಿ, ಮೂವರು ನೌಕರರು ಅದನ್ನು ಹದಿನೈದು ದಿನ ನೆನಪಿನಲ್ಲಿಟ್ಟುಕೊಳ್ಳಬೇಕು. ಇಟ್ಟುಕೊಂಡರು. ಬೆರಳಚ್ಚುಗಾರ್ತಿ ಮಹಾದೇವಕ್ಕ ಟೈಪು ಮಾಡುತ್ತ ಗುನುಗಿದಳು. ಲಗಮಪ್ಪನವರು ಮಾಸಿಕ ಸಭೆಯಲ್ಲಿ ಮಾತಿನ ನಡುವೆ ನಿಂತುಬಿಟ್ಟರು. ನಾಲ್ಕು ಮಾತ್ರೆ ಕಳೆದ ಮೇಲೆ ಮುಂದುವರಿಸಿದರು. ಹದಿನಾರನೆಯ ದಿನವೂ ಹಾಡು ಹೋಗದ ಕಾರಣ ತುಳಜಾ ಸೇರಿ ಮೂವರಿಗೂ ನೋಟಿಸು ಬಂತು: ‘ನಿಗದಿತ ಅವಧಿ ಮೀರಿ ಇಲಾಖೆಯ ಹಾಡನ್ನು ಸ್ವಂತಕ್ಕೆ ಇರಿಸಿಕೊಂಡಿರುವುದು ಗಮನಕ್ಕೆ ಬಂದಿದೆ.’ ಮೂವರೂ ತಪ್ಪೊಪ್ಪಿಕೊಂಡು ಬರೆದುಕೊಟ್ಟರು.

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಆಕ್ಷೇಪಣೆ ಬಂತು. ಮೂರನೆಯ ಸಾಲಿನಲ್ಲಿ ಖಾಲಿ ಬಿಡಲಾಗಿದೆ. ಭರ್ತಿ ಮಾಡಿ ಮರುಸಲ್ಲಿಸುವುದು. ಅಲ್ಲಿಯವರೆಗೆ ಪತ್ತೆಯಾದ ತಂಡ ಎಲ್ಲಿಯೂ ಹಾಡತಕ್ಕದ್ದಲ್ಲ.

“ಬಸ್‌ಸ್ಟ್ಯಾಂಡಿನ್ಯಾಗೂ ಬ್ಯಾಡೇನ್ರಿ?” ಫೋನಿನಲ್ಲಿ ಜುಜೆ ಕೇಳಿದ.

“ಬ್ಯಾಡಪಾ. ಸ್ವಲ್ಪ ದಿನ.”

“ನೀವು ನಮ್ಮನ್ನ ನೋಡದಿದ್ರ ಹಾಡ್ತಿದ್ವಿ ಹೌದಲ್ರಿ.”

ತುಳಜಾ ಫೋನಿಟ್ಟು, ಆಕ್ಷೇಪಣೆಯ ಪತ್ರವನ್ನು ಮತ್ತೆ ಮೊದಲಿನಿಂದ ಓದಿದಳು.

ಖಾಲಿ ಜಾಗದಲ್ಲಿ ಏನಿದೆ ಎಂದು ವಿಚಾರಣೆ ನಡೆಯಿತು. “ನಮ್ಮ ಊರು,” ಎಂದು ಮಹಾದೇವಕ್ಕ ಹೇಳಿಕೆ ಕೊಟ್ಟಳು. ಅವಳ ತವರು ಸೂಪಾ ಅಣೆಕಟ್ಟೆಯ ನೀರಿನಡಿ ಇತ್ತು. ಲಗಮಪ್ಪನವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿ, “ನನ್ನ ತಮ್ಮ,” ಅಂದರು. ಅವರಿಗೊಬ್ಬ ತಮ್ಮನಿದ್ದನೆಂದು ಕಚೇರಿಗೆ ತಿಳಿದದ್ದು ಅವತ್ತೇ. ತುಳಜಾ ಅಪ್ಪನ ಹೆಸರು ಬರೆದಳು. ಮೂರು ಹೇಳಿಕೆಗಳೂ ಪರಸ್ಪರ ವಿರುದ್ಧವಾಗಿದ್ದರಿಂದ ಯಾವುದನ್ನೂ ನಂಬಲು ಬಾರದೆಂದು ಷರಾ ಬಿತ್ತು.

ಆಗ ತುಳಜಾ ಒಂದು ಉಪಾಯ ಮಾಡಿದಳು. ಹಾಡು ಹಾಡಿನಂತೆಯೇ ಉಳಿಯಲಿ, ಕಾಗದದಲ್ಲಿ ಮಾತ್ರ ಖಾಲಿ ತುಂಬಲಿ ಎಂದು ನಮೂನೆಯಲ್ಲಿ ದುಂಡಾಗಿ ಬರೆದಳು: ‘ನಾಲ್ಕು ಮಾತ್ರೆ ಮೌನ.’

ಮೂರೇ ದಿನಕ್ಕೆ ಮಂಜೂರಾಯಿತು, ಒಂದು ಷರತ್ತಿನ ಮೇಲೆ: ಮಂಜೂರಾದ ಪದಗಳನ್ನು ಬಿಡದೆ, ಸ್ಪಷ್ಟ ಉಚ್ಚಾರದಲ್ಲಿ ಹಾಡತಕ್ಕದ್ದು.

ಲಗಮಪ್ಪನವರು ಆದೇಶವನ್ನು ಎರಡು ಸಲ ಓದಿದರು. “ತಪ್ಪೇನಿಲ್ರಿ. ಬರದದ್ದನ್ನ ಹಾಡಬೇಕಲ್ಲ.”

ದಾಂಡೇಲಿಯ ಸಮಾರಂಭದಲ್ಲಿ ನಸ್ರೀನ ಹೊಸ ಸೀರೆಯುಟ್ಟು ನಿಂತಳು. ಧೂಳು ಎದ್ದು ಬಂತು, ಹಂಡೆ ಕೋಳಿ ಇಳಿದವು. “ಇಳೀಲಿಲ್ಲ ನಮ್ಮ ನಾಲ್ಕು ಮಾತ್ರೆ ಮೌನ” ಎಂದು ಹಾಡುವಾಗ ಅವಳು ಯಾರನ್ನೂ ನೋಡಲಿಲ್ಲ. ಜುಜೆ ಆ ಜಾಗಕ್ಕೆ ಡೋಲು ಸೇರಿಸಿದ್ದ, ಬರೀ ಮಾತು ಬೋಳಾಗಿ ಕೇಳುತ್ತದೆಂದು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಔಷಧ ವಿಭಾಗದ ಅಧಿಕಾರಿಯೊಬ್ಬರು ಮಾತ್ರ ಏನೋ ಬರೆದುಕೊಂಡರು.

ವಾರದಲ್ಲಿ ಅವರಿಂದ ಪತ್ರ ಬಂತು: ಅಣಶಿಗೆ ತಲುಪದ ನಾಲ್ಕು ಮಾತ್ರೆಗಳು ಯಾವ ಕಾಯಿಲೆಯವು? ಉತ್ತರ ಹೋಗುವುದು ತಡವಾದ್ದರಿಂದ, ಜನರ ಹಿತದೃಷ್ಟಿಯಿಂದ, ಜ್ವರದ ನಾಲ್ಕು ಮಾತ್ರೆಗಳನ್ನು ಅಣಶಿ ಬಸ್ಸಿನಲ್ಲಿ ಕಳಿಸಲಾಯಿತು. ಕಂಡಕ್ಟರು ಅವನ್ನು ಇಳಿಸಿ ರಸೀದಿ ಪಡೆದ. ಬೇಡಿಕೆ ಈಡೇರಿದ್ದರಿಂದ ‘ಇಳೀಲಿಲ್ಲ’ ಎಂಬುದು ಇನ್ನು ವಾಸ್ತವಕ್ಕೆ ದೂರವೆಂದು ತೀರ್ಮಾನಿಸಿ, ‘ಇಳದ್ವು’ ಎಂದು ತಿದ್ದುಪಡಿ ಹೊರಟಿತು.

ತಿದ್ದುಪಡಿಯ ಪ್ರತಿ ಪಡೆಯಲು ಜುಜೆ ಒಬ್ಬನೇ ಬಂದ. ಹೊಸ ಹಾಡೊಂದನ್ನೂ ತಂದಿದ್ದ.

“ಇದರಾಗ ಎಲ್ಲೂ ಜಾಗ ಬಿಟ್ಟಿಲ್ರಿ ಅಕ್ಕಾರ. ಒತ್ತಿ ಒತ್ತಿ ತುಂಬೇನಿ.”

“ನಸ್ರೀನ ಏನಂತಾಳ?”

“ಹಾಡ್ತಾಳ್ರಿ. ಮುಗಿಸಿ ಮನೀಗೆ ಹೋಗ್ತಾಳ.”

ಹೊಸ ಹಾಡು ಅದೇ ದಿನ ಮಂಜೂರಾಯಿತು. ಆದರೆ ಸ್ಮರಣಾ ಪರೀಕ್ಷೆಯಲ್ಲಿ ಅದು ಮಧ್ಯಾಹ್ನದ ಚಹಾದ ತನಕವೂ ಯಾರ ನೆನಪಿನಲ್ಲೂ ನಿಲ್ಲಲಿಲ್ಲ. ಲಗಮಪ್ಪನವರು ಮೇಲಿನವರನ್ನು ಕೇಳಿದರು. ಉತ್ತರ ತಕ್ಷಣ ಬಂತು: ‘ಹಾಡು ಕಡತದಲ್ಲಿ ಉಳಿದಿರುವುದರಿಂದ ಅದನ್ನು ಉಳಿಯುವ ಹಾಡೆಂದೇ ಪರಿಗಣಿಸತಕ್ಕದ್ದು.’ ಕಚೇರಿಗೆ ಇದು ನ್ಯಾಯವಾಗಿಯೇ ತೋರಿತು. ಜುಜೆಗೂ ತೋರಿತು, ಅವನು ವಂದಿಸಿ, ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಹೋದ.

ಕಚೇರಿಯ ಪ್ರತಿಗೆ ತುಳಜಾ ಸಾಕ್ಷಿಯ ಸಹಿ ಹಾಕಬೇಕಿತ್ತು. ಹಾಕುವ ಮೊದಲು ಹಳೆಯ ಹಾಡನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿಕೊಂಡಳು. ಬಸ್ ಬಂತು, ಧೂಳು ಬಂತು, ಹಂಡೆ ಇಳಿದವು. ಖಾಲಿಯ ಹತ್ತಿರ ಬಂದು, ಅಪ್ಪನಿಗಾಗಿ ಕಾದಳು. ಜ್ವರದ ಮಾತ್ರೆಗಳು ಇಳಿದವು. ಅವಳು ದಿನಾಂಕ ಹಾಕಿ, ಸಹಿ ಮಾಡಿ, ಕಡತ ಕಟ್ಟಿದಳು.